ಎಲ್ಲರನ್ನೂ ನಗಿಸುತ್ತಿದ್ದ ಮಾವನ ಬಗ್ಗೆ ಹನ್ನೊಂದನೇ ದಿನ ಏನು ಮಾತಾಡಲಿ?

ಕಾಫಿಹೂ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಮೊನ್ನೆ ತೀರಿಕೊಂಡರು. 79 ವಯಸ್ಸು. ಮನೆ ಮೂರ್ನಾಡಿನ ಹತ್ತಿರ. ಟಾರ್ಚ್ ಮತ್ತು ಬ್ಯಾಟರಿ ಸೆಲ್ ಕಂಪನಿಯೊಂದರ ಸೇಲ್ಸ್‌ಮನ್ ಆಗಿ ಇಡೀ ಕೊಡಗು ಸುತ್ತಿದವರು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ ವಿರಾಜಪೇಟೆ ಬಸ್ಸು ಹತ್ತುತ್ತಿದ್ದರು. ಎಲ್ಲಿಗೆ ಅಂದರೆ "ಲೈನ್‌ಗೆ" ಅನ್ನುತ್ತಿದ್ದರು. ಮಾರಲು ಏನೂ ಇರಲಿಲ್ಲ, ಹಳೇ ಅಂಗಡಿಗಳವರನ್ನು ಮಾತಾಡಿಸಿಕೊಂಡು ಬರುವುದಷ್ಟೇ.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರ ಮುಂದೆ ನಾನು ನಾಲ್ಕು ಮಾತಾಡಬೇಕು ಅಂತ ಅತ್ತೆ ಹೇಳಿದ್ದಾರೆ. ಪತ್ರಿಕೆಗೆ ಕೊಟ್ಟ ಶ್ರದ್ಧಾಂಜಲಿಯಲ್ಲಿ ಕೆಲಸ, ಮಕ್ಕಳು, ಬಂಧುಬಳಗ ಎಲ್ಲ ಬಂದಿದೆ. ಓದಿದರೆ ಅದರಲ್ಲಿ ಮಾವ ಮಾತ್ರ ಇಲ್ಲ.

ನನಗೆ ಗೊತ್ತಿರುವ ಮಾವ ಬೇರೆ. ಮದುವೆಮನೆಗೆ ಅವರು ಕಾಲಿಟ್ಟರೆ ವಾಲಗದವರು ಕೂತಲ್ಲೇ ನೆಟ್ಟಗಾಗುತ್ತಿದ್ದರು, ಇನ್ನು ಕುಣಿಯುವವರು ಬಂದರು ಅಂತ. ಆಗಸ್ಟ್ 3, ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ರಸ ಹಾಕಿ ಮಾಡಿದ ನೇರಳೆ ಬಣ್ಣದ ಪಾಯಸ ತಿಂದರೆ ಮರುದಿನ ಮೂತ್ರ ಕೆಂಪಾಗುವುದು ನಮ್ಮವರಿಗೆಲ್ಲ ಗೊತ್ತಲ್ಲ? ಬೆಂಗಳೂರಿಂದ ಬಂದ ಮಕ್ಕಳಿಗೆ ಅದನ್ನು ಯಾರೂ ಮೊದಲೇ ಹೇಳಬಾರದು ಅಂತ ಮಾವನ ಕಟ್ಟಪ್ಪಣೆ. ಬೆಳಿಗ್ಗೆ ಹೆದರಿ ಓಡಿಬಂದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, "ಇವತ್ತಿಂದ ಇವನು ಕೊಡಗಿನವನು" ಅಂತ ಕೂಗುತ್ತಾ ಅಂಗಳ ಸುತ್ತುತ್ತಿದ್ದರು. ನನ್ನ ಮಗನಿಗೂ ಆ ಮೆರವಣಿಗೆ ಸಿಕ್ಕಿದೆ. ಈಗಲೂ ಅದನ್ನೇ ಹೇಳಿಕೊಂಡು ಅಳುತ್ತಾನೆ.

ಕಾರ್ಯದ ದಿನ ನಗಿಸುವ ಮಾತು ಬೇಡ, ಮರ್ಯಾದೆ ಅಲ್ಲ ಅಂತ ದೊಡ್ಡ ಮಾವ ಹೇಳುತ್ತಿದ್ದಾರೆ. ಸತ್ತ ಮೇಲೆ ಮಾವನನ್ನು ಗಂಭೀರ ಮನುಷ್ಯ ಮಾಡಿ ನಿಲ್ಲಿಸಲು ನನಗೆ ಮನಸ್ಸು ಬರುತ್ತಿಲ್ಲ. ಇಂಥ ಸಂದರ್ಭದಲ್ಲಿ ಮಾತಾಡಿದವರು ದಾರಿ ಹೇಳಿ. ಅವರನ್ನು ಕಂಡವರಿದ್ದರೆ ನಿಮ್ಮ ನೆನಪನ್ನೂ ದಯವಿಟ್ಟು ಬರೆಯಿರಿ.

ಭಾಗಮಂಡಲದವ:

ಅಕ್ಕಾ, ಹಾಡಹಗಲಲ್ಲೇ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಮ್ಮ ಅಂಗಡಿ ಕಡೆಗೆ ಟಾರ್ಚ್ ಮಿಣುಕಿಸುತ್ತಿದ್ದವರಾ? ಹಾಗಾದರೆ ಅವರು ನಮ್ಮ ಸೆಲ್ ಮಾಮ. ಸುದ್ದಿ ಓದಿ ಕೈಕಾಲು ಆಡಲಿಲ್ಲ.

ನಮ್ಮಪ್ಪನದು ದಿನಸಿ ಅಂಗಡಿ. ಬೇಕಾದಷ್ಟು ಸೇಲ್ಸ್‌ಮನ್‌ಗಳನ್ನು ನೋಡಿದ್ದೇವೆ, ಇವರ ಹಾಗೆ ವ್ಯಾಪಾರ ಬಲ್ಲವರು ಕಡಿಮೆ. ಸಂತೆ ದಿನ ಆ ಊರಿನ ಅಂಗಡಿಗೆ ಅವರು ಕಾಲಿಡುತ್ತಿರಲಿಲ್ಲವಂತೆ. ಸೋಮವಾರಪೇಟೆಯಲ್ಲಿ ಸೋಮವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ, ಗೋಣಿಕೊಪ್ಪದಲ್ಲಿ ಭಾನುವಾರ ವ್ಯಾಪಾರಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಹಿಂದಿನ ದಿನ ಮಾಲು ತುಂಬಿಸಬೇಕು, ಸಂತೆ ಮುಗಿದ ಮರುದಿನ ಗಲ್ಲಾಪೆಟ್ಟಿಗೆ ತುಂಬಿರುವಾಗ ಬಾಕಿ ಕೇಳಬೇಕು ಅನ್ನುವುದು ಅವರ ಲೆಕ್ಕ. ಮಳೆಗಾಲದ ಆರ್ಡರ್ ಮೇ ತಿಂಗಳಲ್ಲೇ ಬರೆದುಕೊಂಡು ಹೋಗುತ್ತಿದ್ದರು. ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮ ಕಡೆ ಹೋದ ಕರೆಂಟು ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ, ಟಾರ್ಚ್ ಇಲ್ಲದೆ ಕತ್ತಲಾದ ಮೇಲೆ ಹೊರಗೆ ಹೋಗುವ ಮಾತೇ ಇಲ್ಲ.

ಈಗ ನಾನು ಹೇಳಬೇಕಾದ್ದು. ಆಗ ಕಾಫಿಯನ್ನು ಕಾಫಿ ಮಂಡಳಿಗೇ ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಬೆಳೆಗಾರರ ಕೈಗೆ ಬಾರದಿದ್ದರೆ ಅಂಗಡಿಗೂ ಇಲ್ಲ, ಅಂಗಡಿಗೆ ಬಾರದಿದ್ದರೆ ಸೇಲ್ಸ್‌ಮನ್‌ಗೂ ಇಲ್ಲ. 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬರುವವರೆಗೂ ಇದೇ ಕಥೆ. ಒಂದು ವರ್ಷ ನಮ್ಮಪ್ಪನ ಬಾಕಿ ಬಹಳ ಬೆಳೆದಿತ್ತು. ಅದೇ ವರ್ಷ ಅಜ್ಜ ತೀರಿಕೊಂಡಿದ್ದರು, ಅಜ್ಜಿ ಒಲೆ ಮುಂದೆ ಕೂತರೆ ಯಾರ ಹತ್ತಿರವೂ ಮಾತಿಲ್ಲ. ಜುಲೈಯಲ್ಲಿ ಮಾಮ ವಸೂಲಿಗೆ ಬಂದರು. ಅಪ್ಪನಿಗೆ ಮುಖ ತೋರಿಸಲು ನಾಚಿಕೆಯಾಗಿ ಗೋದಾಮಿನೊಳಗೆ ಸೇರಿಕೊಂಡಿದ್ದರು. ಅಷ್ಟರಲ್ಲಿ ಕಾವೇರಿ, ಕನ್ನಿಕೆ ಎರಡೂ ಉಕ್ಕಿ ಸಂಗಮ ಮುಳುಗಿತು, ರಸ್ತೆ ಮೇಲೆ ನೀರು, ಬಸ್ಸು ಬಂದ್. ಮೇಲ್ಸೇತುವೆ ಎಲ್ಲ ಆಮೇಲಿನ ಮಾತು. ಮಾಮ ನಮ್ಮ ಮನೆಯಲ್ಲೇ ಉಳಿದರು.

ಬಾಕಿಯ ಮಾತು ಒಂದೂ ಎತ್ತಲಿಲ್ಲ. ಕಿಸೆಯಿಂದ ಇಸ್ಪೀಟು ತೆಗೆದರು. ಅಜ್ಜಿಗೆ ಇಪ್ಪತ್ತೆಂಟು ಆಟ ಬರುತ್ತದೆ ಅಂತ ನಮಗೇ ಗೊತ್ತಿರಲಿಲ್ಲ, ಇವರು ಅದು ಹೇಗೆ ಬಾಯಿ ಬಿಡಿಸಿದರೋ! ಅಪ್ಪ ಅಮ್ಮ ಒಂದು ಕಡೆ, ಅಜ್ಜಿ ಮಾಮ ಇನ್ನೊಂದು ಕಡೆ. ತುರುಪು ಬಿಚ್ಚಿದಾಗಲೆಲ್ಲ ಅಜ್ಜಿಗೆ ದೊಡ್ಡ ಸಲಾಮು. ಅಪ್ಪ ಸೋತದ್ದಕ್ಕೆ ಅಜ್ಜಿ ಬಾಯಿ ತುಂಬ ನಕ್ಕದ್ದನ್ನು ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದೇನೆ. ಮರುವರ್ಷ ಕಾಫಿ ದುಡ್ಡು ಬಂದ ಕೂಡಲೇ ಅಪ್ಪ ತೀರಿಸಿದ ಮೊದಲ ಬಾಕಿ ಮಾಮನದು.

ಆದ್ದರಿಂದ ನನ್ನ ಅಭಿಪ್ರಾಯ: ಧೈರ್ಯವಾಗಿ ನಗಿಸಿ. ಆದರೆ ತಮಾಷೆಗಳನ್ನೇ ಒಂದರ ಹಿಂದೆ ಒಂದು ಹೇಳಬೇಡಿ. ಅವರು ಯಾರನ್ನು ನಗಿಸಿದರು, ಆ ಹೊತ್ತಿಗೆ ಆ ಮನೆಯಲ್ಲಿ ಏನು ನಡೆದಿತ್ತು ಅನ್ನುವುದನ್ನು ಸೇರಿಸಿ ಹೇಳಿ. ನಮ್ಮ ಮನೆಯ ಕಥೆ ಹೇಳಬಹುದು. ಅಮ್ಮನನ್ನು ಕೇಳಿಯೇ ಬರೆದಿದ್ದೇನೆ.

ನಿವೃತ್ತ ಮೇಷ್ಟ್ರು:

ತಂಗೀ, ಮೇಲಿನವರ ಮಾತು ಸರಿಯಾಗಿದೆ. ನಿಮ್ಮ ದೊಡ್ಡ ಮಾವನವರ ಮಾತನ್ನೂ ಬದಿಗೆ ತಳ್ಳಬೇಡಿ. ತಮ್ಮನನ್ನು ಕಳೆದುಕೊಂಡಿದ್ದಾರೆ, ಸಭೆ ನಕ್ಕರೆ ತನ್ನ ದುಃಖ ಹಗುರವಾಗಿಬಿಡುತ್ತದೆ ಅಂತ ಅವರಿಗೆ ಅನ್ನಿಸಿರಬಹುದು. ಮೊದಲೇ ಹೋಗಿ ಅವರ ಪಕ್ಕ ಕುಳಿತು, ಚಿಕ್ಕಂದಿನಲ್ಲಿ ತಮ್ಮ ಹೇಗಿದ್ದರು ಅಂತ ಕೇಳಿ. ನೀವು ಏನು ಹೇಳುತ್ತೀರಿ ಅನ್ನುವುದನ್ನೂ ತಿಳಿಸಿ. ಕೆಂಪು ಮೂತ್ರದ ಸಂಗತಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬೇಡ, ಪೂಜೆ ಮುಗಿದು ಎಲ್ಲರೂ ಚಾವಡಿಯಲ್ಲಿ ಕೂತಾಗ ಹೇಳಿ. ಬರೆದುಕೊಂಡು ಓದುವುದೂ ಬೇಡ, ಅಂಥವರ ಬಗ್ಗೆ ಮುಖ ನೋಡಿ ಮಾತಾಡಬೇಕು.

ಮಕ್ಕಂದೂರು:

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜರಿದು ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದೆವು. ನಿಮ್ಮ ಮಾವ ಅಂಗಡಿ ಅಂಗಡಿ ಕೇಳಿ ಟಾರ್ಚ್ ಸೆಲ್ ಒಟ್ಟು ಮಾಡಿ ಎರಡು ಚೀಲದಲ್ಲಿ ತಂದಿದ್ದರು. ಎಲ್ಲರಿಗೂ ಒಂದೇ ಪಾಠ: "ಉಪಯೋಗ ಇಲ್ಲದಾಗ ಸೆಲ್ ಹೊರಗೆ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಟಾರ್ಚ್ ಹಾಳಾಗುತ್ತದೆ." ಮಳೆ ಸದ್ದು ಕೇಳಿದರೆ ನಮ್ಮ ಮಕ್ಕಳು ಕಿರುಚುತ್ತಿದ್ದ ಸಮಯ ಅದು. ಇವರು ದೀಪ ಆರಿಸಲು ಹೇಳಿ, ಗೋಡೆಗೆ ಟಾರ್ಚ್ ಬಿಟ್ಟು ಬೆರಳಿನಲ್ಲಿ ಆನೆ, ಜಿಂಕೆ, ಕೋಳಿ ಮಾಡಿ ತೋರಿಸಿದರು. ಕೋಳಿ ಕೂಗಿದ್ದೂ ಅವರೇ. ನನ್ನ ಚಿಕ್ಕ ಮಗಳು ಅವತ್ತು ಅವರ ತೊಡೆ ಮೇಲೇ ನಿದ್ದೆ ಹೋದಳು. ಮನೆ ಕಳೆದುಕೊಂಡ ಮೇಲೆ ಅವಳು ನೆಮ್ಮದಿಯಾಗಿ ಮಲಗಿದ್ದು ಆ ರಾತ್ರಿ. ನಿಮ್ಮ ಮಾವನಿಗೆ ನಾವು ಋಣಿಗಳು. ಕಾರ್ಯಕ್ಕೆ ಬರುತ್ತೇವೆ.

ಕಾಫಿಹೂ:

ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಭಾಗಮಂಡಲದ ಕಥೆ, ಪರಿಹಾರ ಕೇಂದ್ರದ ಕಥೆ ಎರಡೂ ಅವರಿಗೇ ಹೊಸದು. "ನನಗೊಂದು ಮಾತು ಹೇಳಲಿಲ್ಲ ನೋಡು" ಅಂತ ಅತ್ತರು, ಆಮೇಲೆ ಇನ್ನೊಂದು ಸಲ ಓದಿಸಿದರು.

ಮೇಷ್ಟ್ರೇ, ನೀವು ಹೇಳಿದ ಹಾಗೆ ದೊಡ್ಡ ಮಾವನ ಹತ್ತಿರ ಕೂತೆ. ಮೊದಲು ಸುಮ್ಮನಿದ್ದರು. ಆಮೇಲೆ ತಾವೇ ಶುರು ಮಾಡಿದರು: ಇಬ್ಬರೂ ಹುಡುಗರಿದ್ದಾಗ ಮನೆಯಲ್ಲಿ ಹೇಳದೆ ವಿಜಯದಶಮಿ ರಾತ್ರಿ ಮಡಿಕೇರಿ ದಸರಾಕ್ಕೆ ನಡೆದುಕೊಂಡೇ ಹೋದದ್ದು, ಮೆರವಣಿಗೆಯ ಮಂಟಪಗಳನ್ನೆಲ್ಲ ನೋಡದೆ ಬರುವುದಿಲ್ಲ ಅಂತ ತಮ್ಮ ಹಟ ಹಿಡಿದದ್ದು, ಬೆಳಗಿನ ಜಾವ ಯಾರದೋ ಲಾರಿಯವನನ್ನು ಹಾಡಿ ಒಲಿಸಿ ಮೂರ್ನಾಡಿನವರೆಗೆ ಇಬ್ಬರಿಗೂ ಜಾಗ ಮಾಡಿಸಿದ್ದು. ಹೇಳುತ್ತಾ ಹೇಳುತ್ತಾ ದೊಡ್ಡ ಮಾವ ನಕ್ಕೇಬಿಟ್ಟರು. ಅದನ್ನು ಸಭೆಯಲ್ಲಿ ತಾವೇ ಹೇಳುತ್ತಾರಂತೆ, ಅವರಾದ ಮೇಲೆ ನಾನು.

ಇನ್ನೊಂದು ಸಹಾಯ ಬೇಕು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಮೊದಲ ಸಲ ನಡೆದಾಗ ಮಾವ ಅಲ್ಲಿದ್ದರು. ಯಾವ ಮನೆತನ ಸೋಲುತ್ತಿದೆಯೋ ಅವರ ಪರ ಗಂಟಲು ಹರಿಯುವಂತೆ ಕೂಗುವುದು ಅವರ ಪದ್ಧತಿ. ನಮ್ಮಲ್ಲಿರುವ ಫೋಟೋಗಳೆಲ್ಲ ಮದುವೆ ಸಾಲಿನಲ್ಲಿ ನೆಟ್ಟಗೆ ನಿಂತದ್ದು. ಆ ವರ್ಷದ ಮೈದಾನದ ಫೋಟೋ ಯಾರ ಆಲ್ಬಮ್‌ನಲ್ಲಾದರೂ ಇದ್ದರೆ, ಪ್ರೇಕ್ಷಕರ ಸಾಲಿನಲ್ಲಿ ತಲೆಗೆ ಹಳದಿ ಟವೆಲ್ ಸುತ್ತಿಕೊಂಡವರನ್ನು ಹುಡುಕಿ ನೋಡಿ. ಗುರುವಾರದೊಳಗೆ ಸಿಕ್ಕರೆ ದೊಡ್ಡದು ಮಾಡಿಸಿ ಇಡುತ್ತೇನೆ.