ಶೇ 7ರ ಲೆಕ್ಕ ಮತ್ತು ಚಿಕ್ಕಪ್ಪನ ‘ನೋಡೋಣ’

ನಮ್ಮ ‘ಸಾಗರದ ಮನೆ’ ಗುಂಪಿನಲ್ಲಿ 31 ಜನ ಇದ್ದೇವೆ. ಮೊನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೇ ದೊಡ್ಡಪ್ಪ ಒಂದು ಚಿತ್ರ ಹಾಕಿದರು. ಮೂರು ಬಣ್ಣದ ಒಂದು ವೃತ್ತ. ಕೆಳಗೆ ಬರಹ: ‘ಮಾತಿನಲ್ಲಿ ಪದಗಳ ಪಾಲು ಶೇ 7 ಮಾತ್ರ. ದನಿ ಶೇ 83, ಮುಖಭಾವ ಶೇ 55.’

ದೊಡ್ಡಪ್ಪ: ಎಲ್ಲರೂ ಓದಿ. ವಿಜ್ಞಾನಿಗಳೇ ಹೇಳಿದ್ದಾರೆ. ಈಗಿನ ಮಕ್ಕಳು ಒಂದೇ ಮನೆಯಲ್ಲಿದ್ದು ಮೆಸೇಜ್ ಮಾಡುತ್ತಾರೆ. ಮುಖ ನೋಡಿ ಮಾತಾಡುವುದೇ ನಿಂತುಹೋಯಿತು.

ಒಂಬತ್ತು ಜನ ಕೈಮುಗಿದರು. ಯಾರೂ ಓದಿರಲಿಲ್ಲ. ಓದಿದ್ದರೆ ಕೂಡಿಸುತ್ತಿದ್ದರು.

ನಾನು: ದೊಡ್ಡಪ್ಪ, ಒಟ್ಟು 145 ಆಗುತ್ತದೆ. ದನಿಗೆ 38 ಇರಬೇಕು. ಅದನ್ನು ಸರಿ ಮಾಡಿದರೂ ಈ ಮಾತು ತಪ್ಪೇ. ಎಲ್ಲಿಂದ ಬಂತು ಇದು?

ದೊಡ್ಡಪ್ಪ: ನೀನು ಚಿಕ್ಕಂದಿನಿಂದಲೂ ಹೀಗೇ. ದೊಡ್ಡವರು ಏನು ಹೇಳಿದರೂ ಸಾಕ್ಷಿ ಬೇಕು.

ಶಿವಮೊಗ್ಗ ಅತ್ತೆ: ಮುಖ ನೋಡಿ ಮಾತಾಡಿದ್ದರಿಂದ ನಮಗೇನು ಲಾಭವಾಯಿತು? ಮಗಳ ಮದುವೆಗೆ ಕಾರು ಕೇಳಿದಾಗ ಒಬ್ಬರು ನನ್ನ ಮುಖ ನೋಡಿಯೇ ‘ನೋಡೋಣ’ ಅಂದರು. ಬೆಳಗಿನ ಐದು ಗಂಟೆಗೆ ಗೇಟಿನ ಹತ್ತಿರ ನಿಂತು ಕಾದೆವು.

ಚಿಕ್ಕಪ್ಪ: ಆವತ್ತು ಕಾರು ಗ್ಯಾರೇಜಿನಲ್ಲಿತ್ತು ಅಂತ ಎಷ್ಟು ಸಲ ಹೇಳುವುದು ಅಕ್ಕಾ? ನೋಡೋಣ ಅಂದರೆ ನೋಡೋಣ ಅಂತ ಅಷ್ಟೆ.

ಶಿವಮೊಗ್ಗ ಅತ್ತೆ: ನೀನು ನಗುತ್ತಾ ಹೇಳಿದೆ. ಆ ನಗು ನೋಡಿ ನಾನು ಹೂಂ ಅಂದುಕೊಂಡೆ.

ಇಷ್ಟು ಹೊತ್ತಿಗೆ ಹ್ಯೂಸ್ಟನ್‌ನಲ್ಲಿ ರಾತ್ರಿ. ಅಲ್ಲಿರುವ ಅಣ್ಣನಿಗೆ ನಿದ್ದೆ ಬಂದಿರಲಿಲ್ಲ.

ಹ್ಯೂಸ್ಟನ್ ಅಣ್ಣ: ಅಜ್ಜಿ ಜಗಲಿಯಲ್ಲಿ ಫೋನ್ ಮಾಡುತ್ತಿದ್ದುದು ನೆನಪಿದೆಯಾ? ರಿಸೀವರ್ ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿ, ಎರಡೂ ಕೈ ಚಾಚಿ, ‘ಇಷ್ಟುದ್ದದ ಹಲಸಿನ ಹಣ್ಣು ಬಂದಿದೆ ಕಣೇ’ ಅಂತ. ಆ ಕಡೆಯವರಿಗೆ ಕಾಣುತ್ತಿತ್ತಾ?

ಮುಗಿಯಿತು. ಹಲಸಿನ ಹಪ್ಪಳ ಬಂತು, ಅದನ್ನು ಕಾಯುವ ಮಗುವಿನ ಹಳೇ ಫೋಟೊ ಬಂತು, ಆ ಮಗು ಯಾರು ಅನ್ನುವ ಜಗಳವೂ ಬಂತು. ಅಷ್ಟರಲ್ಲಿ ನಾನು ಬರೆಯುತ್ತಾ ಕೂತಿದ್ದೆ. ಈ ವೃತ್ತವನ್ನು ನಮ್ಮ ಆಫೀಸಿನ ತರಬೇತಿಯಲ್ಲೂ ತೋರಿಸಿದ್ದರು. ಆವತ್ತು ಸುಮ್ನೆ ಕೂತಿದ್ದಕ್ಕೆ ಇನ್ನೂ ಬೇಜಾರಿದೆ.

ನಾನು: ಲೆಕ್ಕ ಹುಟ್ಟಿದ್ದು 1967ರಲ್ಲಿ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಜೊತೆಗಾರರ ಎರಡು ಪ್ರಯೋಗಗಳಿಂದ. ಒಂದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ ಕೇಳಿಸಿದರು. ಇನ್ನೊಂದರಲ್ಲಿ ಒಂದೇ ಪದ, ‘ಮೇಬಿ’. ಅದನ್ನು ಮೂರು ದನಿಯಲ್ಲಿ ಕೇಳಿಸಿ, ಜೊತೆಗೆ ಮುಖದ ಫೋಟೊ ತೋರಿಸಿ, ಇವರಿಗೆ ಎದುರಿನವರನ್ನು ಕಂಡರೆ ಇಷ್ಟವೋ ಅಲ್ಲವೋ ಹೇಳಿ ಅಂದರು. ಅವೆರಡನ್ನೂ ಸೇರಿಸಿ 7, 38, 55 ಬಂತು. ಅಲ್ಲಿ ಯಾರೂ ಯಾರ ಜೊತೆಗೂ ಮಾತುಕತೆ ಆಡಲೇ ಇಲ್ಲ. ಇಷ್ಟಾನಿಷ್ಟ, ಭಾವನೆ ಹೇಳುವಾಗ ಬಿಟ್ಟರೆ ಬೇರೆ ಮಾತಿಗೆ ಈ ಲೆಕ್ಕ ಹೊಂದುವುದಿಲ್ಲ ಅಂತ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ನಾನು: ‘ಮೇಬಿ’ ನಮ್ಮ ‘ನೋಡೋಣ’ ಇದ್ದ ಹಾಗೆ. ಆ ಪದದಲ್ಲಿ ಹೂಂ ಇಲ್ಲ, ಊಹೂಂ ಇಲ್ಲ. ಅದಕ್ಕೇ ಅತ್ತೆ ಮುಖ ನೋಡಿ ಅರ್ಥ ಹುಡುಕಿದರು. ಅದೇ ಮದುವೆಯಲ್ಲಿ ಮುಹೂರ್ತ 9.15ಕ್ಕೆ, ಛತ್ರ ಕೆರೆ ದಂಡೆಯ ಮೇಲಿದೆ ಅಂತ ಯಾವ ಮುಖ ನೋಡಿದರೆ ತಿಳಿಯುತ್ತದೆ? ಅದು ಪದದಲ್ಲೇ ಬರಬೇಕು.

ನಾನು: ಅಣ್ಣಾ, ಅಜ್ಜಿಯ ಕೈ ಬಗ್ಗೆಯೂ ಸಂಶೋಧನೆ ಇದೆ. 1998ರಲ್ಲಿ ಯಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ ಹುಟ್ಟಿನಿಂದಲೇ ಕಣ್ಣು ಕಾಣದ ಮಕ್ಕಳು ಮಾತಾಡುವುದನ್ನು ಗಮನಿಸಿದರು. ಕೈಸನ್ನೆಯನ್ನು ಜನ್ಮದಲ್ಲಿ ನೋಡಿರದ ಅವರೂ ಕೈ ಆಡಿಸಿದರು. ಕೇಳುವವರಿಗೂ ಕಣ್ಣು ಕಾಣದು ಅಂತ ಗೊತ್ತಿದ್ದಾಗಲೂ ಆಡಿಸಿದರು. ಕೈ ಮತ್ತು ಮಾತು ಒಟ್ಟಿಗೇ ಹುಟ್ಟುತ್ತವೆ. ಅದನ್ನು ಕತ್ತರಿಸಿ ಇದಕ್ಕಿಷ್ಟು ಅದಕ್ಕಿಷ್ಟು ಅಂತ ಪಾಲು ಹಾಕಲು ಆಗುವುದಿಲ್ಲ.

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದುತ್ತಾರೆ? ನಾನು ಹೇಳಿದ್ದು ಹಿರಿಯರ ಮುಖ ನೋಡಿ ಮಾತಾಡಿ ಅಂತ. ಅದರಲ್ಲಿ ತಪ್ಪೇನು?

ನಾನು: ಅದರಲ್ಲಿ ತಪ್ಪಿಲ್ಲ ದೊಡ್ಡಪ್ಪ. ಆದರೆ ಅಜ್ಜಿಗೆ ಈಗ ನಮ್ಮ ಮುಖ ಕಾಣುವುದಿಲ್ಲ. ನಿನ್ನೆ ಫೋನ್ ಮಾಡಿದಾಗ ‘ಏನಂದೆ? ಇನ್ನೊಂದು ಸಲ ಹೇಳು’ ಅಂತ ಎರಡೆರಡು ಸಲ ಕೇಳಿ, ನಾನು ಹೇಳಿದ್ದನ್ನೆಲ್ಲ ತಾವೇ ತಿರುಗಿ ಹೇಳಿ ನೋಡಿಕೊಂಡರು. ಮಗಳಿಗೆ ಹಲ್ಲು ಬಂತು ಅಂದಿದ್ದಕ್ಕೆ ಎಷ್ಟು ಹಲ್ಲು, ಮೇಲೋ ಕೆಳಗೋ ಅಂತ ಕೇಳಿದರು. ಅವರಿಗೆ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು ಅಂತ ಹೇಗೆ ಹೇಳುವುದು?

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ದೊಡ್ಡಪ್ಪ: ಮೇಲೋ ಕೆಳಗೋ?

ನಾನು: ಕೆಳಗೆ. ಎರಡು.

ಶಿವಮೊಗ್ಗ ಅತ್ತೆ: ಸಂತೋಷ. ಶನಿವಾರ ನಮ್ಮಲ್ಲಿ ಸತ್ಯನಾರಾಯಣ ಪೂಜೆ ಇದೆ. ಎಷ್ಟು ಜನ ಅಂತ ಅಡುಗೆಯವರು ಕೇಳುತ್ತಿದ್ದಾರೆ.

ಚಿಕ್ಕಪ್ಪ: ನೋಡೋಣ ಅಕ್ಕಾ.

ನಾನು ಓದಿ ಮುಗಿಸುವುದರೊಳಗೆ ಆ ಸಾಲು ಅಳಿಸಿಹೋಯಿತು.

ಚಿಕ್ಕಪ್ಪ: ಬರುತ್ತೇವೆ. ನಾಲ್ಕು ಜನ.