ವೈದ್ಯಕೀಯ ಸಮಾಜಶಾಸ್ತ್ರ, ಅದರಲ್ಲೂ ಮುಪ್ಪಿನ ವಿಷಯ: ಆನ್‌ಲೈನ್‌ನಲ್ಲಿ ಓದಿದರೆ ತಲೆಗೆ ಹತ್ತುತ್ತಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನಾನು ನರ್ಸ್. ವಯಸ್ಸಾದವರೇ ಜಾಸ್ತಿ ಇರುವ ವಾರ್ಡಿನಲ್ಲಿ ಕೆಲಸ. ವೈದ್ಯಕೀಯ ಸಮಾಜಶಾಸ್ತ್ರ ಮತ್ತು ವೃದ್ಧಾಪ್ಯ, ಎರಡೂ ಇರುವ ಒಂದು ಆನ್‌ಲೈನ್ ಕೋರ್ಸ್ ಸೇರೋಣ ಅಂತಿದ್ದೇನೆ. ಡ್ಯೂಟಿ ಬದಲಾಗುತ್ತಲೇ ಇರುತ್ತದೆ, ಕಾಲೇಜಿಗೆ ಹೋಗಿ ಕೂರುವುದು ನನ್ನಿಂದ ಆಗದ ಮಾತು.

ಯಾಕೆ ಓದಬೇಕು ಅನ್ನಿಸಿತು ಅಂದರೆ, ವಾರ್ಡಿನಲ್ಲಿ ದಿನಾ ಕಾಣುವ ಕೆಲವು ಸಂಗತಿಗಳಿಗೆ ನಾನು ಕಲಿತ ನರ್ಸಿಂಗ್‌ನಲ್ಲಿ ಉತ್ತರ ಸಿಗುತ್ತಿಲ್ಲ. ಡಾಕ್ಟರು ರೌಂಡ್ಸ್‌ಗೆ ಬರುತ್ತಾರೆ. ಮಂಚದ ಮೇಲೆ ಎಂಬತ್ತು ದಾಟಿದ ಅಜ್ಜಿ ಎಚ್ಚರವಾಗಿ ಕೂತಿರುತ್ತಾರೆ, ಆದರೆ "ರಾತ್ರಿ ನಿದ್ದೆ ಮಾಡಿದರಾ?" ಅನ್ನುವ ಪ್ರಶ್ನೆ ಹೋಗುವುದು ಪಕ್ಕದಲ್ಲಿ ನಿಂತ ಮಗನಿಗೆ. ಮಗನೇ ಉತ್ತರ ಹೇಳುತ್ತಾನೆ. ಅಜ್ಜಿ ಇಬ್ಬರ ಮುಖವನ್ನೂ ನೋಡುತ್ತಿರುತ್ತಾರೆ. ಡಾಕ್ಟರೂ ಒಳ್ಳೆಯವರು, ಮಗನೂ ಒಳ್ಳೆಯವನು, ಆದರೂ ಹೀಗೇ ಆಗುತ್ತದೆ. ನಲವತ್ತು ವರ್ಷದ ರೋಗಿಯಾಗಿದ್ದರೆ ಹೀಗಾಗುತ್ತಿತ್ತಾ?

ಸಮಾಜಶಾಸ್ತ್ರದ ಅಆಇಈ ನನಗೆ ಗೊತ್ತಿಲ್ಲ. ನೇರವಾಗಿ ಇದಕ್ಕೇ ಕೈಹಾಕಬಹುದಾ? ಆಸ್ಪತ್ರೆ, ಮುಪ್ಪು, ಸಾವು ಇಂಥದ್ದನ್ನೆಲ್ಲ ಸ್ಕ್ರೀನ್ ನೋಡಿಕೊಂಡು ಕಲಿಯಲು ಆಗುತ್ತಾ, ಇಲ್ಲ ಕೊನೆಗೆ ಸರ್ಟಿಫಿಕೇಟ್ ಮಾತ್ರ ಉಳಿಯುತ್ತಾ? ಕೋರ್ಸ್ ಆರಿಸುವಾಗ ಏನು ನೋಡಬೇಕು?

ಕಪ್ಪುಹಲಗೆ:

ಸೇರಿಕೊಳ್ಳಿ, ಹಿಂಜರಿಯಬೇಡಿ. ನಾನು ಈ ಪೇಪರ್ ಪಾಠ ಮಾಡುತ್ತೇನೆ, ಈಗ ಪೂರ್ತಿ ಆನ್‌ಲೈನ್‌ನಲ್ಲೇ. ವಾರ್ಡಿನಿಂದ ಬಂದವರು ಮೊದಮೊದಲು ಥಿಯರಿಯ ಭಾಷೆಗೆ ತಡವರಿಸುತ್ತಾರೆ. ಒಮ್ಮೆ ಹಿಡಿತ ಸಿಕ್ಕಿತು ಅಂದರೆ ತರಗತಿಯಲ್ಲಿ ಅವರ ಪ್ರಶ್ನೆಗಳೇ ಎಲ್ಲರಿಗಿಂತ ಗಟ್ಟಿ.

ನಿಮ್ಮ ಅಜ್ಜಿಯ ಸಂಗತಿಯನ್ನೇ ಕೈಯಲ್ಲಿ ಹಿಡಿದುಕೊಂಡು ಓದಲು ಶುರು ಮಾಡಿ. ಯಾವ ಸಿಲಬಸ್ ತೆಗೆದರೂ ಮೊದಲು ಸಿಗುವ ಹೆಸರು ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್. ಕಾಯಿಲೆ ಬೀಳುವುದು ದೇಹಕ್ಕೆ ಮಾತ್ರ ಸೇರಿದ್ದಲ್ಲ, ಅದು ಸಮಾಜ ಕೊಡುವ ಒಂದು ಪಾತ್ರವೂ ಹೌದು ಅಂತ 1951ರಲ್ಲಿ ಹೇಳಿದರು. ಕಾಯಿಲೆಯವರಿಗೆ ಎರಡು ರಿಯಾಯಿತಿ: ದಿನದ ಜವಾಬ್ದಾರಿಗಳಿಂದ ಬಿಡುವು ಸಿಗುತ್ತದೆ, ಕಾಯಿಲೆ ಬಂದದ್ದು ನಿನ್ನದೇ ತಪ್ಪು ಅಂತ ಯಾರೂ ಅನ್ನುವ ಹಾಗಿಲ್ಲ. ಬದಲಿಗೆ ಎರಡು ಕರಾರು: ಗುಣವಾಗಬೇಕು ಅನ್ನುವ ಮನಸ್ಸಿರಬೇಕು, ಬಲ್ಲವರ ಹತ್ತಿರ ಹೋಗಿ ಅವರು ಹೇಳಿದಂತೆ ನಡೆಯಬೇಕು. ಈಗ ಇದನ್ನು ನಿಮ್ಮ ವಾರ್ಡಿಗೆ ತಂದು ನೋಡಿ. ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ, ಮಂಡಿ ಸವೆದಿದೆ, ಕಿವಿ ಮಂದ. ಇವರು ಗುಣವಾಗುವುದು ಅಂದರೆ ಏನು? ಆ ಕರಾರನ್ನು ಪೂರೈಸಲು ಆಗದವರ ಮೇಲೆ ಸುತ್ತಲಿನವರ ಸಹನೆಯೂ ನಿಧಾನವಾಗಿ ಕರಗುತ್ತದೆ, ಅದನ್ನು ನೀವು ನನಗಿಂತ ಚೆನ್ನಾಗಿ ನೋಡಿದ್ದೀರಿ.

ಆಮೇಲೆ ಸಮಾಜಶಾಸ್ತ್ರಜ್ಞ ಮೈಕೆಲ್ ಬರಿ (Bury) ಅವರದ್ದು ಓದಿ. ಸಂಧಿವಾತ ಬಂದವರ ಜೊತೆ ಮಾತಾಡಿ 1982ರಲ್ಲಿ ಬರೆದರು. ದೀರ್ಘ ಕಾಯಿಲೆ ಮನುಷ್ಯ ತನ್ನ ಬದುಕಿನ ಬಗ್ಗೆ ಕಟ್ಟಿಕೊಂಡ ಕಥೆಯನ್ನೇ ಮುರಿಯುತ್ತದೆ ಅನ್ನುವುದು ಅವರ ವಾದ. ಅಲ್ಲಿಗೇ ನಿಲ್ಲಿಸಬೇಡಿ. 1998ರಲ್ಲಿ ಪೂರ್ವ ಲಂಡನ್ನಿನ ವಯಸ್ಸಾದವರಲ್ಲಿ ಪಾರ್ಶ್ವವಾಯು ಆದವರನ್ನು ಮಾತಾಡಿಸಿದ ಅಧ್ಯಯನವೊಂದಿದೆ, ಪೌಂಡ್ ಮತ್ತು ಸಂಗಡಿಗರದ್ದು. ಕಷ್ಟದ ಬದುಕು ಕಂಡ ಅವರಲ್ಲಿ ಅನೇಕರಿಗೆ ಅದು ಸಿಡಿಲು ಬಡಿದಂತೆ ಅನ್ನಿಸಿರಲಿಲ್ಲ, ಈ ವಯಸ್ಸಿನಲ್ಲಿ ಬರುವಂಥದ್ದೇ ಅಂದುಕೊಂಡು ಸಾಗಿದ್ದರು. ಕಾಯಿಲೆಯ ಥಿಯರಿಗೆ ವಯಸ್ಸನ್ನು ಸೇರಿಸಿದ ಕೂಡಲೇ ಎಲ್ಲ ಹೇಗೆ ಬದಲಾಗುತ್ತದೆ ನೋಡಿ. ಈ ಎರಡು ವಿಷಯವನ್ನು ಒಟ್ಟಿಗೆ ಓದಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮುಪ್ಪಿನ ಕಡೆ ಒಂದು ಜಗಳವಿದೆ, ಅದನ್ನು ವರ್ಷದ ಕ್ರಮದಲ್ಲೇ ಓದಿ. 1961ರಲ್ಲಿ ಕಮ್ಮಿಂಗ್ ಮತ್ತು ಹೆನ್ರಿ, ವಯಸ್ಸಾದಂತೆ ಮನುಷ್ಯ ಸಮಾಜದಿಂದ, ಸಮಾಜ ಮನುಷ್ಯನಿಂದ ದೂರ ಸರಿಯುವುದು ಸಹಜ ಅಂದರು. ಹ್ಯಾವಿಗರ್ಸ್ಟ್ ಥರದವರು ಒಪ್ಪಲಿಲ್ಲ, ತೊಡಗಿಕೊಂಡವರೇ ನೆಮ್ಮದಿಯಾಗಿರುತ್ತಾರೆ ಅಂದರು. 1979ರಲ್ಲಿ ಕ್ಯಾರೊಲ್ ಎಸ್ಟೆಸ್ ಪ್ರಶ್ನೆಯನ್ನೇ ತಿರುಗಿಸಿಬಿಟ್ಟರು: ವಯಸ್ಸಾದವರು ಸರಿಯುತ್ತಾರೋ, ನೀತಿಗಳೂ ಸೇವಾ ಸಂಸ್ಥೆಗಳೂ ಸೇರಿ ಅವರನ್ನು ಅವಲಂಬಿತರನ್ನಾಗಿ ಮಾಡುತ್ತವೋ? ಒಂದು ಉದಾಹರಣೆ ಹೇಳುತ್ತೇನೆ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದ 1889ರ ಕಾನೂನಿನಲ್ಲಿ ವೃದ್ಧಾಪ್ಯ ಪಿಂಚಣಿ 70ಕ್ಕೆ ಸಿಗುತ್ತಿತ್ತು, 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. ಆ ವರ್ಷ ಅಲ್ಲಿನ ಜನರ ದೇಹವೇನೂ ಬೇಗ ಮುದಿಯಾಗಲಿಲ್ಲ, ಅಲ್ವಾ? ಗೆರೆ ಎಳೆದದ್ದು ಸರ್ಕಾರ.

ಒಳಮನೆ:

ಕಪ್ಪುಹಲಗೆ ಅವರ ಮಾತು ಸರಿ, ಆದರೆ ಕ್ರಮ ನನಗೆ ಒಪ್ಪಿಗೆಯಿಲ್ಲ. ನಾನೂ ಕೆಲಸದ ಜೊತೆಗೇ ಇದನ್ನು ಆನ್‌ಲೈನ್‌ನಲ್ಲಿ ಓದಿದೆ. ಪಾರ್ಸನ್ಸ್‌ನಿಂದ ಶುರು ಮಾಡಿದ ಎಷ್ಟೋ ಸಹಪಾಠಿಗಳು ಮಧ್ಯದಲ್ಲೇ ಬಿಟ್ಟರು. ಸಂಶೋಧಕರು ವಾರ್ಡಿನೊಳಗೆ ಕೂತು ಬರೆದದ್ದನ್ನೇ ನರ್ಸ್ ಆದವರು ಮೊದಲು ಓದಬೇಕು.

ಗ್ಲೇಸರ್ ಮತ್ತು ಸ್ಟ್ರಾಸ್ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಆಸ್ಪತ್ರೆಗಳಲ್ಲಿ ಸಾಯುತ್ತಿರುವವರ ಸುತ್ತ ಏನು ನಡೆಯುತ್ತದೆ ಅಂತ ನೋಡಿ 1965ರಲ್ಲಿ ಪುಸ್ತಕ ಬರೆದರು. ಯಾರಿಗೆ ಎಷ್ಟು ಗೊತ್ತು ಅನ್ನುವುದೇ ಅದರ ಪ್ರಶ್ನೆ. ಒಂದು ಸ್ಥಿತಿಯಲ್ಲಿ ಎಲ್ಲರಿಗೂ ಗೊತ್ತು, ರೋಗಿಗೆ ಮಾತ್ರ ಗೊತ್ತಿಲ್ಲ. ಇನ್ನೊಂದರಲ್ಲಿ ರೋಗಿಗೆ ಅನುಮಾನ ಬಂದಿದೆ, ಬಾಯಿ ಬಿಡಿಸಲು ನೋಡುತ್ತಾರೆ. ಮೂರನೆಯದರಲ್ಲಿ ಎಲ್ಲರಿಗೂ ಗೊತ್ತು, ಆದರೆ ಎಲ್ಲರೂ ಗೊತ್ತಿಲ್ಲದಂತೆ ನಡೆದುಕೊಳ್ಳುತ್ತಾರೆ. ನಾಲ್ಕನೆಯದರಲ್ಲಿ ಮುಚ್ಚುಮರೆ ಇಲ್ಲ. ಆ ಮೂರನೆಯದು ಇದೆಯಲ್ಲ, ಅದನ್ನು ಓದುವಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ರೋಗಿ ಮುಂದಿನ ವರ್ಷದ ಮಾತಾಡುತ್ತಾರೆ, ನಾವೂ ಹೂಂಗುಟ್ಟುತ್ತೇವೆ. ಯಾರಾದರೂ ಬಾಯಿತಪ್ಪಿ ಏನಾದರೂ ಅಂದರೆ ಇನ್ನೊಬ್ಬರು ತಕ್ಷಣ ದಿಂಬು ಸರಿಮಾಡುತ್ತಲೋ ಕಿಟಕಿಯ ಪರದೆ ಎಳೆಯುತ್ತಲೋ ಮಾತು ತಿರುಗಿಸುತ್ತೇವೆ. ಇದು ಆಯಾ ಮನುಷ್ಯರ ಗುಣ ಅಂತ ನಾನು ತಿಳಿದಿದ್ದೆ. ಅದಕ್ಕೂ ಒಂದು ಕಟ್ಟು ಇದೆ, ಎಲ್ಲರೂ ಹೇಳಿಕೊಡದೆಯೇ ಅದನ್ನು ಪಾಲಿಸುತ್ತಾರೆ.

ಜೇಬರ್ ಗುಬ್ರಿಯಮ್ 1975ರಲ್ಲಿ ಒಂದು ನರ್ಸಿಂಗ್ ಹೋಮ್ ಬಗ್ಗೆ ಬರೆದದ್ದೂ ಹಾಗೇ. ಮೇಲಿನ ಅಧಿಕಾರಿಗಳು, ನೆಲದ ಮೇಲೆ ಕೆಲಸ ಮಾಡುವವರು, ಅಲ್ಲಿ ವಾಸವಿರುವವರು, ಮೂವರದೂ ಒಂದೇ ಕಟ್ಟಡದಲ್ಲಿ ಮೂರು ಪ್ರಪಂಚ. ಮೀಟಿಂಗ್‌ನಲ್ಲಿ ಪ್ರತಿಯೊಬ್ಬರಿಗೂ ಅವರವರಿಗೆ ತಕ್ಕ ಆರೈಕೆ ಅನ್ನುವ ಮಾತು, ಕಾರಿಡಾರಿನಲ್ಲಿ ಹಾಸಿಗೆ ಬದಲಿಸಿ, ಮೈ ಒರೆಸಿ, ಮುಂದಿನ ಮಂಚಕ್ಕೆ ಓಡುವ ಅವಸರ.

ಆನ್‌ಲೈನ್ ಬಗ್ಗೆ ಹೇಳುವುದಾದರೆ, ವಿಡಿಯೊ ಎಷ್ಟು ಚೆಂದ ಅಂತ ನೋಡಬೇಡಿ. ನೀವು ಬರೆದದ್ದನ್ನು ಒಬ್ಬ ಮೇಷ್ಟ್ರು ಓದಿ ಅಂಚಿನಲ್ಲಿ ಪ್ರಶ್ನೆ ಹಾಕುತ್ತಾರಾ ಅಂತ ಸೇರುವ ಮೊದಲೇ ಕೇಳಿ. ಬರೀ ಬಹುಆಯ್ಕೆ ಪ್ರಶ್ನೆಯ ಕ್ವಿಜ್ ಇದ್ದರೆ ಈ ವಿಷಯಕ್ಕೆ ಅದು ಸಾಲದು. ಸಮಾಜಶಾಸ್ತ್ರ ಬರೆದು ಕಲಿಯುವ ವಿದ್ಯೆ. ರೆಕಾರ್ಡಿಂಗ್ ಎಷ್ಟು ದಿನ ಇಡುತ್ತಾರೆ, ಗಡುವು ಸಡಿಲಿಸುತ್ತಾರಾ ಅನ್ನುವುದನ್ನೂ ಕೇಳಿಕೊಳ್ಳಿ, ನೈಟ್ ಡ್ಯೂಟಿ ಇರುವವರಿಗೆ ಇದು ದೊಡ್ಡ ವಿಷಯ. ಬೇರೆ ಬೇರೆ ದೇಶದವರು ಇರುವ ಬ್ಯಾಚ್ ಸಿಕ್ಕರೆ ಬಿಡಬೇಡಿ. ನೋಡಿಕೊಳ್ಳುವ ಹೊಣೆ ಮನೆಯವರದ್ದೋ, ಸರ್ಕಾರದ್ದೋ, ದುಡ್ಡು ಕೊಟ್ಟು ಪಡೆಯುವುದೋ ಅನ್ನುವ ಒಂದು ಚರ್ಚೆ ಸಾಕು, ನಾವು ಸಹಜ ಅಂದುಕೊಂಡಿದ್ದೆಲ್ಲ ಅಲ್ಲಾಡುತ್ತದೆ.

ಅಂಕಿಅಂಶ:

ಇಬ್ಬರೂ ಸಂಖ್ಯೆಯ ಮಾತೇ ಎತ್ತಲಿಲ್ಲ, ಹಾಗಾಗಿ ಎರಡು ಮಾತು. ವೈಟ್‌ಹಾಲ್ ಅಧ್ಯಯನ 1967ರಲ್ಲಿ ಶುರುವಾಯಿತು, ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ. ಎಲ್ಲರಿಗೂ ಸಂಬಳವಿತ್ತು, ಯಾರೂ ಕಡುಬಡವರಲ್ಲ. ಆದರೂ ಹುದ್ದೆ ಒಂದೊಂದು ಮೆಟ್ಟಿಲು ಕೆಳಗಿಳಿದಂತೆ ಹೃದಯದ ಕಾಯಿಲೆಯಿಂದ ಸಾಯುವವರು ಹೆಚ್ಚುತ್ತಾ ಹೋದರು. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ಹಿಡಿದರೂ ವ್ಯತ್ಯಾಸದ ಒಂದು ಭಾಗ ಮಾತ್ರ ಅದರಿಂದ ಬಂದದ್ದು ಅಂತ ಗೊತ್ತಾಯಿತು. ನಿಮ್ಮ ವಾರ್ಡಿಗೆ ಯಾರು ಅರವತ್ತಕ್ಕೇ ಬರುತ್ತಾರೆ, ಯಾರು ಎಂಬತ್ತೈದಕ್ಕೆ ಬರುತ್ತಾರೆ ಅನ್ನುವುದರ ಹಿಂದೆಯೂ ಇಂಥದ್ದೇ ಏನೋ ಇರುತ್ತದೆ.

ಅಮೆರಿಕದ ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿ 1992ರಿಂದ, ಇಂಗ್ಲೆಂಡಿನ ಎಲ್ಸಾ 2002ರಿಂದ, ಯುರೋಪಿನ ಶೇರ್ 2004ರಿಂದ, ಈ ಮೂರೂ ವಯಸ್ಸಾದವರ ದೊಡ್ಡ ಸಮೀಕ್ಷೆಗಳು, ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸುತ್ತಾ ಬಂದಿವೆ. ಸಂಶೋಧನೆಗೆ ಅಂತ ನೋಂದಾಯಿಸಿಕೊಂಡರೆ ಡೇಟಾ ಸಿಗುತ್ತದೆ. ಮನೆಯಲ್ಲಿ ಕೂತು ಮಾಡುವ ಪ್ರಾಜೆಕ್ಟಿಗೆ ಇದಕ್ಕಿಂತ ಬೇರೆ ಬೇಕಿಲ್ಲ. ಒಂದು ಎಚ್ಚರಿಕೆ: ಇವತ್ತಿನ ಎಂಬತ್ತರವರನ್ನು ಇವತ್ತಿನ ಐವತ್ತರವರ ಜೊತೆ ಹೋಲಿಸಿ ವಯಸ್ಸು ಹೀಗೆ ಮಾಡುತ್ತದೆ ಅಂತ ಬರೆಯಬೇಡಿ. ಅವರು ಹುಟ್ಟಿ ಬೆಳೆದ ಕಾಲವೇ ಬೇರೆ. ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿದ ಡೇಟಾ ಬೇಕಾಗುವುದು ಅದಕ್ಕೇ.

ರಾತ್ರಿಪಾಳಿ:

ತುಂಬಾ ತುಂಬಾ ಥ್ಯಾಂಕ್ಸ್. ಆ ಮೂರನೇ ಸ್ಥಿತಿಯ ಬಗ್ಗೆ ಓದಿ ಮೈ ಜುಮ್ಮೆಂದಿತು, ಮೊದಲು ಆ ಪುಸ್ತಕವನ್ನೇ ಹಿಡಿಯುತ್ತೇನೆ. ಪಾರ್ಸನ್ಸ್ ಆಮೇಲೆ. ಇನ್ನೊಂದು ಪ್ರಶ್ನೆ ಇದೆ. ಕೋರ್ಸಿನಲ್ಲಿ ಒಂದು ವೀಕ್ಷಣಾ ವರದಿ ಬರೆಯಬೇಕಂತೆ. ನನ್ನ ವಾರ್ಡಿನ ಬಗ್ಗೆಯೇ ಬರೆಯಬಹುದಾ? ಹೇಗೂ ಅಲ್ಲೇ ಇರುತ್ತೇನಲ್ಲ.

ಕಪ್ಪುಹಲಗೆ:

ಹಾಗೆ ಸುಮ್ನೆ ಬರೆಯಬೇಡಿ. ವಾರ್ಡಿನಲ್ಲಿ ನೀವು ನರ್ಸ್ ಆಗಿ ಕಂಡದ್ದು ರೋಗಿಗಳು ನರ್ಸ್‌ಗೆ ತೋರಿಸಿದ್ದು, ವಿದ್ಯಾರ್ಥಿಗೆ ತೋರಿಸಿದ್ದಲ್ಲ. ಬರೆಯಲೇಬೇಕು ಅಂದರೆ ಆಸ್ಪತ್ರೆಯ ಎಥಿಕ್ಸ್ ಸಮಿತಿಯದ್ದೂ ಕೋರ್ಸ್ ನಡೆಸುವವರದ್ದೂ ಲಿಖಿತ ಅನುಮತಿ ಬೇಕು, ರೋಗಿಗಳ ಒಪ್ಪಿಗೆ ಬೇಕು. ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಇನ್ನೂ ಜೋಪಾನ. ಬೆಳಿಗ್ಗೆ ಹೂಂ ಅಂದವರು ಸಂಜೆ ನೀವು ಯಾರು ಅಂತ ಕೇಳಬಹುದು. ಮನೆಯವರು ಸಹಿ ಹಾಕಿದರು ಅಂತ ಅವರ ಮಾತನ್ನು ಬದಿಗಿಡುವಂತಿಲ್ಲ, ಪ್ರತಿ ಸಲವೂ ಅವರನ್ನೇ ಕೇಳಬೇಕು. ಮುಖ ತಿರುಗಿಸಿದರೆ ಅವತ್ತಿಗೆ ಬಿಡಬೇಕು.

ಇಷ್ಟೆಲ್ಲ ಒಂದು ಅಸೈನ್‌ಮೆಂಟಿಗೆ ಜಾಸ್ತಿ ಆಗುತ್ತದೆ ಅನ್ನಿಸಿದರೆ ಹೊರರೋಗಿ ವಿಭಾಗದ ಕಾಯುವ ಜಾಗದಂಥ ಎಲ್ಲರೂ ಓಡಾಡುವ ಕಡೆ ಆರಿಸಿಕೊಳ್ಳಿ. ಅಲ್ಲಿಯೂ ಕೋರ್ಸಿನವರ ನಿಯಮ ಕೇಳಿಯೇ ಹೋಗಿ. ಹೆಸರು, ಕೇಸ್ ಶೀಟ್ ಯಾವುದೂ ಬೇಡ. ಟೋಕನ್ ಕರೆದಾಗ ಯಾರು ಏಳುತ್ತಾರೆ, ವಯಸ್ಸಾದವರ ಬದಲು ಕೌಂಟರಿನಲ್ಲಿ ಯಾರು ಮಾತಾಡುತ್ತಾರೆ, ಕುರ್ಚಿ ಯಾರಿಗೆ ಸಿಗುತ್ತದೆ ಅಂತ ನೋಡಿ. ನಿಮ್ಮ ಮೊದಲ ಪ್ರಶ್ನೆಗೆ ಅಲ್ಲೇ ಬೇಕಾದಷ್ಟು ಸಿಗುತ್ತದೆ. ಕರಡು ಬರೆದ ಮೇಲೆ ಇಲ್ಲಿ ಹಾಕಬೇಡಿ, ನಿಮ್ಮ ಮೇಷ್ಟ್ರಿಗೇ ಮೊದಲು ಕಳಿಸಿ.