ಹಲ್ಲೆ ಮೊಕದ್ದಮೆಯ ರಾಜಿ: ಇಲ್ಲಿ ‘ಪ್ರಾಸಿಕ್ಯೂಟರ್’ ಯಾರು?

ಮಾನ್ಯರೆ,

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹಲ್ಲೆ ಮೊಕದ್ದಮೆಗಳ ಕುರಿತು ಬರೆಯುತ್ತಿರುವ ನನಗೆ ಒಂದು ವಾಕ್ಯದ ಕನ್ನಡ ರೂಪ ಇನ್ನೂ ಒಪ್ಪಿಗೆಯಾಗಿಲ್ಲ. ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟೋನ್ ಅವರ ‘ಕಾಮೆಂಟರೀಸ್’ ಗ್ರಂಥದ ನಾಲ್ಕನೆಯ ಸಂಪುಟ (1769) ಹೇಳುವಂತೆ, ಹೊಡೆತ, ಅಕ್ರಮ ಬಂಧನ ಮುಂತಾದ ಪ್ರಕರಣಗಳಲ್ಲಿ ಅಪರಾಧ ಸಾಬೀತಾದ ಮೇಲೂ, ಶಿಕ್ಷೆ ವಿಧಿಸುವ ಮುನ್ನ, ‘ಪ್ರಾಸಿಕ್ಯೂಟರ್ ಜೊತೆ ಮಾತನಾಡಲು’ ಪ್ರತಿವಾದಿಗೆ ನ್ಯಾಯಾಲಯ ಅವಕಾಶ ಕೊಡುವುದುಂಟು. ತನಗೆ ಸಮಾಧಾನವಾಗಿದೆಯೆಂದು ಆ ಪ್ರಾಸಿಕ್ಯೂಟರ್ ಹೇಳಿದರೆ ಶಿಕ್ಷೆ ತೀರ ಹಗುರವಾಗುತ್ತದೆ.

ನಾನು ಮೊದಲು ‘ಅಭಿಯೋಜಕರೊಡನೆ ಮಾತನಾಡಲು’ ಎಂದು ಬರೆದೆ. ಆದರೆ ಇಂದಿನ ಓದುಗರಿಗೆ ಅಭಿಯೋಜಕರೆಂದರೆ ಕರಿಕೋಟು ತೊಟ್ಟ ಸರ್ಕಾರಿ ವಕೀಲರು. ಆರೋಪಿ ಅವರೊಡನೆ ಏನೋ ಒಳಒಪ್ಪಂದ ಮಾಡಿಕೊಂಡನೆಂಬ ಅರ್ಥ ಬಂದುಬಿಡುತ್ತದೆ. ಅಂದಿನ ಹಲ್ಲೆ ಪ್ರಕರಣಗಳಲ್ಲಿ ಪ್ರಾಸಿಕ್ಯೂಟರ್ ಎಂದರೆ ಸಾಮಾನ್ಯವಾಗಿ ಪೆಟ್ಟು ತಿಂದವನೇ. ಗುಮಾಸ್ತರಿಗೆ ಶುಲ್ಕ ಕಟ್ಟಿ, ಸಾಕ್ಷಿಗಳನ್ನು ಕರೆತಂದು, ಮೊಕದ್ದಮೆಯನ್ನು ಕೊನೆಯವರೆಗೆ ನಡೆಸುವ ಹೊರೆ ಅವನದೇ ಆಗಿತ್ತು. ‘ದೂರುದಾರ’ ಎಂದರೆ ದೂರು ಕೊಟ್ಟು ಮನೆಗೆ ಹೋದವನಂತೆ ಕೇಳಿಸುತ್ತದೆ. ‘ವಾದಿ’ ಎನ್ನುವಂತಿಲ್ಲ, ಪರಿಹಾರ ಕೋರಿ ಸಿವಿಲ್ ದಾವೆ ಹೂಡುವ ದಾರಿಯೂ ಅವನಿಗೆ ಬೇರೆಯಾಗಿಯೇ ಇದ್ದುದರಿಂದ ಎರಡೂ ಕಲಸಿಹೋಗುತ್ತವೆ. ಹಾಗಾಗಿ ‘ಫಿರ್ಯಾದಿ’ಯೇ ಸರಿಯೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಎಚ್ಚರ ಬೇಕಾದದ್ದು ಹಣದ ವಿಷಯದಲ್ಲಿ. ರಾಜಿಯಾದ ಪ್ರಕರಣದ ಕಡತದಲ್ಲಿ ನಮಗೆ ಕಾಣುವುದು ಒಂದು ಶಿಲ್ಲಿಂಗ್‌ನಂತಹ ನಾಮಮಾತ್ರದ ಮೊತ್ತ. ಅದು ದೊರೆಯ ಹೆಸರಿಗೆ ಸಲ್ಲುವ ದಂಡ. ಪೆಟ್ಟು ತಿಂದವನ ಕೈಗೆ ಬಂದ ಹಣವಾಗಲಿ, ಅವನು ಕೇಳಿಸಿಕೊಂಡ ಕ್ಷಮಾಪಣೆಯಾಗಲಿ ದಂಡದ ಆ ಸಾಲಿನಲ್ಲಿ ಇರುವುದಿಲ್ಲ. ಎರಡಕ್ಕೂ ‘ದಂಡ’ ಎಂದೇ ಬರೆದರೆ, ಮೂಳೆ ಮುರಿದದ್ದಕ್ಕೆ ನ್ಯಾಯಾಲಯ ಒಂದು ಶಿಲ್ಲಿಂಗ್ ಬೆಲೆ ಕಟ್ಟಿತೆಂದು ಓದುಗರು ನಂಬುತ್ತಾರೆ. ಆದ್ದರಿಂದ ಒಂದನ್ನು ‘ದಂಡ’, ಇನ್ನೊಂದನ್ನು ‘ಪರಿಹಾರ’ ಎಂದು ಬೇರೆಯಾಗಿಯೇ ಇಡಬೇಕು.

‘ರಾಜಿ’ ಎಂಬ ಪದದ ಬಗ್ಗೆ ನನಗೆ ಹೆಚ್ಚಿನ ಅನುಮಾನವಿಲ್ಲ. (ರಾಜಿಯ ಒಪ್ಪಿಗೆ ಪತ್ರವೆಂಬ ಅರ್ಥದಲ್ಲಿ ‘ರಾಜೀನಾಮೆ’ಯನ್ನು ಬಳಸುವ ಆಸೆಯಿತ್ತು, ಆದರೆ ಆ ಪದ ಈಗ ಹುದ್ದೆ ಬಿಡುವುದಕ್ಕೇ ಮೀಸಲಾಗಿದೆ.) ಆದರೆ ಕಳ್ಳತನದ ಮಾಲು ಹಿಂದಕ್ಕೆ ಪಡೆದು, ಮೊಕದ್ದಮೆ ಹೂಡುವುದಿಲ್ಲವೆಂದು ಕಳ್ಳನಿಗೆ ಮಾತು ಕೊಡುವುದು ಅಲ್ಲಿ ಸ್ವತಃ ಅಪರಾಧವಾಗಿತ್ತು. ಅದನ್ನೂ ರಾಜಿ ಎನ್ನಲು ಮನಸ್ಸು ಒಪ್ಪುತ್ತಿಲ್ಲ; ‘ಮುಚ್ಚಿಹಾಕುವುದು’ ಅಲ್ಲಿಗೆ ಹತ್ತಿರದ ಮಾತೆನಿಸುತ್ತದೆ. ಹಲ್ಲೆಯ ರಾಜಿಯನ್ನು ಕೂಡ ಬ್ಲ್ಯಾಕ್‌ಸ್ಟೋನ್ ಅಪಾಯಕಾರಿ ಪದ್ಧತಿಯೆಂದೇ ಕರೆಯುತ್ತಾರೆ. ತ್ರೈಮಾಸಿಕ ಅಧಿವೇಶನಗಳಂತಹ ಕೆಳ ನ್ಯಾಯಾಲಯಗಳಲ್ಲಿ ಸ್ವಂತ ಲಾಭಕ್ಕಾಗಿಯೇ ಇಂತಹ ಮೊಕದ್ದಮೆಗಳು ಹುಟ್ಟುತ್ತವೆ ಎಂಬುದು ಅವರ ಆಕ್ಷೇಪ.

ಕೊನೆಯದಾಗಿ, ಅಲ್ಲಿನ ಕಾನೂನಿನಲ್ಲಿ ಹೊಡೆಯಲು ಮುಂದಾಗುವುದು ಒಂದು, ಹೊಡೆಯುವುದು ಇನ್ನೊಂದು. ನಾವು ಎರಡನ್ನೂ ‘ಹಲ್ಲೆ’ ಎನ್ನುತ್ತೇವೆ. ಆಡುಮಾತಿನ ‘ಕೈ ಎತ್ತಿದ’, ‘ಕೈ ಮಾಡಿದ’ ಎಂಬ ಮಾತುಗಳು ಆ ವ್ಯತ್ಯಾಸವನ್ನು ಹಿಡಿದಿಡುತ್ತವೆ. ಗಂಭೀರ ಬರಹಕ್ಕೆ ಅವು ಒಗ್ಗುತ್ತವೆಯೇ, ಅಥವಾ ‘ಹಲ್ಲೆಯತ್ನ’ ಮತ್ತು ‘ಹಲ್ಲೆ’ ಎಂದು ಬರೆಯುವುದು ಮೇಲೇ? ಕೋರ್ಟು ಕಚೇರಿಯ ಕನ್ನಡ ಬಲ್ಲವರು ದಯವಿಟ್ಟು ತಿಳಿಸಬೇಕು.